ಜಾಕಿರ್ ಹುಸೇನ್: ವೇದಿಕೆಯಿಂದ ವಿದ್ಯಾಪೀಠಕ್ಕೆ

ಭಾರತದ ಮೂರನೆಯ ರಾಷ್ಟ್ರಪತಿಗಳೆಂದು ಡಾ. ಜಾಕಿರ್ ಹುಸೇನ್ ಅವರ ಹೆಸರು ಸುಪರಿಚಿತ. ಆದರೆ ಅವರ ವ್ಯಕ್ತಿತ್ವದ ಬೇರುಗಳನ್ನು ಅಲೀಘಡದ ವಿದ್ಯಾರ್ಥಿ ಸಂಘದಲ್ಲಿ ಅರಸಬೇಕಾಗುತ್ತದೆ.

೧೮೯೭ರ ಫೆಬ್ರವರಿ ೮ರಂದು ಹೈದರಾಬಾದಿನಲ್ಲಿ ಜನಿಸಿದ ಅವರು ಎಳವೆಯಲ್ಲಿಯೇ ತಂದೆಯನ್ನೂ, ಅನಂತರ ಪ್ಲೇಗಿನಲ್ಲಿ ತಾಯಿಯನ್ನೂ ಕಳೆದುಕೊಂಡರು. ಇಟಾವಾದಲ್ಲಿ ಪ್ರೌಢಶಿಕ್ಷಣ ಮುಗಿಸಿ ಅಲೀಘಡದ ಮಹಮ್ಮಡನ್ ಆಂಗ್ಲೋ-ಓರಿಯೆಂಟಲ್ ಕಾಲೇಜನ್ನು ಸೇರಿದರು. ೧೮೮೪ರಲ್ಲಿ ಸ್ಥಾಪಿತವಾದ ಅಲ್ಲಿನ ಯೂನಿಯನ್ ಕ್ಲಬ್ ವಾಗ್ಮಿಗಳ ಗರಡಿಯಾಗಿತ್ತು. ಜಾಕಿರ್ ಹುಸೇನ್ ಅದರ ಉಪಾಧ್ಯಕ್ಷರಾಗಿ ಚುನಾಯಿತರಾದರು.

೧೯೨೦ರ ಅಕ್ಟೋಬರಿನಲ್ಲಿ ಗಾಂಧೀಜಿ ಮತ್ತು ಅಲಿ ಸಹೋದರರು ಅಲೀಘಡಕ್ಕೆ ಬಂದು, ಸರ್ಕಾರದ ನೆರವು ಪಡೆಯುವ ಕಾಲೇಜನ್ನು ತೊರೆಯುವಂತೆ ವಿದ್ಯಾರ್ಥಿಗಳಿಗೆ ಕರೆಯಿತ್ತರು. ಎಂ.ಎ. ವಿದ್ಯಾರ್ಥಿಯಾಗಿದ್ದುಕೊಂಡೇ ಬೋಧನೆಯನ್ನೂ ಮಾಡುತ್ತಿದ್ದ ಜಾಕಿರ್ ಹುಸೇನ್ ಅವರ ಮುಂದೆ ಭದ್ರವಾದ ಭವಿಷ್ಯವಿತ್ತು. ಕಾಲೇಜನ್ನು ಬಿಡುವುದು ಸುಲಭ. ಬಿಟ್ಟವರು ಹೋಗುವುದೆಲ್ಲಿಗೆ ಎಂಬುದೇ ಅವರನ್ನು ಕಾಡಿದ ಪ್ರಶ್ನೆ. ದೆಹಲಿಗೆ ತೆರಳಿ ಹಕೀಮ್ ಅಜ್ಮಲ್ ಖಾನ್ ಮೊದಲಾದ ನಾಯಕರನ್ನು ಕಂಡು, ರಾಷ್ಟ್ರೀಯ ವಿದ್ಯಾಸಂಸ್ಥೆಯೊಂದನ್ನು ತೆರೆದರೆ ವಿದ್ಯಾರ್ಥಿಗಳು ಬರುವರೆಂಬ ಭರವಸೆ ನೀಡಿದರು. ಅಕ್ಟೋಬರ್ ೨೯ರಂದು ಅಲೀಘಡದಲ್ಲಿಯೇ ಜಾಮಿಯಾ ಮಿಲಿಯಾ ಇಸ್ಲಾಮಿಯಾ ಉದಯಿಸಿತು.

ಚಳವಳಿಯ ಕಾವು ತಗ್ಗಿತು. ೧೯೨೪ರಲ್ಲಿ ತುರ್ಕಿಯಲ್ಲಿ ಖಿಲಾಫತ್ ಪೀಠವೇ ರದ್ದಾಯಿತು. ದೇಣಿಗೆಯ ಮೂಲ ಬತ್ತಿ, ಜಾಮಿಯಾವನ್ನು ಮುಚ್ಚುವ ಮಾತು ಕೇಳಿಬಂದಿತು. ಆಗ ಜರ್ಮನಿಯಲ್ಲಿ ಓದುತ್ತಿದ್ದ ಜಾಕಿರ್ ಹುಸೇನ್, ತಾವೂ ತಮ್ಮ ಗೆಳೆಯರೂ ಸಂಸ್ಥೆಗಾಗಿ ಜೀವನವನ್ನು ಮುಡಿಪಾಗಿಡಲು ಸಿದ್ಧರೆಂದು ತಿಳಿಸಿದರು. ಸಂಸ್ಥೆ ೧೯೨೫ರಲ್ಲಿ ದೆಹಲಿಗೆ ಸ್ಥಳಾಂತರಗೊಂಡು ಉಳಿಯಿತು. ಮರುವರ್ಷ ಬರ್ಲಿನ್ನಿನಿಂದ ಅರ್ಥಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದು ಮರಳಿದ ಅವರು ಇಪ್ಪತ್ತೊಂಬತ್ತರ ಹರೆಯದಲ್ಲಿ ಕುಲಪತಿಗಳಾದರು. ತಿಂಗಳಿಗೆ ೧೫೦ ರೂಪಾಯಿ ಮೀರದ ಸಂಬಳದಲ್ಲಿ ೨೦ ವರ್ಷ ದುಡಿಯುವ ಪ್ರತಿಜ್ಞೆಯನ್ನು ಸಹೋದ್ಯೋಗಿಗಳೊಡನೆ ಕೈಗೊಂಡು, ೧೯೪೮ರವರೆಗೆ ಆ ಹೊಣೆಯನ್ನು ಹೊತ್ತರು.

ವಿದ್ಯಾರ್ಥಿಗಳ ಸ್ವಯಂ ಆಡಳಿತದಲ್ಲಿ ಅವರಿಗಿದ್ದ ನಂಬಿಕೆ ಜಾಮಿಯಾದ ದಿನಚರಿಯಲ್ಲಿಯೇ ಪ್ರತಿಫಲಿಸಿತ್ತು. ಅಲ್ಲಿನ ಪ್ರಾಥಮಿಕ ಶಾಲೆಯಲ್ಲಿ ಅಂಗಡಿಯನ್ನೂ ಬ್ಯಾಂಕನ್ನೂ ಮಕ್ಕಳೇ ನಡೆಸುತ್ತಿದ್ದರು. ೧೯೩೫ರಲ್ಲಿ ಓಖ್ಲಾದ ಹೊಸ ಕಟ್ಟಡಕ್ಕೆ ಶಂಕುಸ್ಥಾಪನೆ ನೆರವೇರಿಸಿದ್ದು ಯಾವ ಗಣ್ಯರೂ ಅಲ್ಲ, ಸಂಸ್ಥೆಯ ಅತ್ಯಂತ ಕಿರಿಯ ವಿದ್ಯಾರ್ಥಿ.

೧೯೬೯ರ ಮೇ ೩ರಂದು ರಾಷ್ಟ್ರಪತಿ ಪದವಿಯಲ್ಲಿರುವಾಗಲೇ ನಿಧನರಾದ ಅವರ ಸಮಾಧಿ ಜಾಮಿಯಾದ ಆವರಣದಲ್ಲಿಯೇ ಇದೆ. ಸಹಪಾಠಿಗಳನ್ನು ಕಾಲೇಜಿನಿಂದ ಹೊರಗೆ ಕರೆದ ವಿದ್ಯಾರ್ಥಿ ನಾಯಕನೊಬ್ಬ, ಅವರಿಗೊಂದು ನೆಲೆ ಕಟ್ಟಿಕೊಡುವ ಋಣವನ್ನು ಬದುಕಿನ ಇಪ್ಪತ್ತೆರಡು ವರ್ಷಗಳಿಂದ ತೀರಿಸಿದನೆಂಬುದೇ ಈ ಜೀವನದ ಸಾರ.