ಬಂದೂಕಿನ ನಳಿಗೆಗೆ ಅಳತೆಯ ಶಿಸ್ತು ಕಲಿಸಿದ ಜೋಸೆಫ್ ವಿಟ್‌ವರ್ತ್

12 ಬೋರ್ ಕೋವಿ ಎನ್ನುತ್ತೇವಲ್ಲ, ಆ 12 ಇಂಚೂ ಅಲ್ಲ, ಮಿಲಿಮೀಟರೂ ಅಲ್ಲ. ಒಂದು ಪೌಂಡ್ ಸೀಸದಲ್ಲಿ 12 ಸಮನಾದ ಗುಂಡು ಮಾಡಿದರೆ ಒಂದೊಂದರ ಅಡ್ಡಳತೆ ಎಷ್ಟೋ, ನಳಿಗೆಯ ಒಳ ಅಗಲವೂ ಅಷ್ಟು. ಅಂದರೆ 0.729 ಇಂಚು, ಸುಮಾರು 18.5 ಮಿ.ಮೀ. ತೂಕದ ಲೆಕ್ಕದಲ್ಲೇ ನಡೆಯುತ್ತಿದ್ದ ಈ ಕಸುಬಿಗೆ ಕೂದಲೆಳೆಗಿಂತ ಸಣ್ಣ ಅಳತೆಯ ಹುಚ್ಚು ಹಿಡಿಸಿದವರಲ್ಲಿ ಬ್ರಿಟನ್ನಿನ ಜೋಸೆಫ್ ವಿಟ್‌ವರ್ತ್ ಪ್ರಮುಖರು.

1803ರಲ್ಲಿ ಸ್ಟಾಕ್‌ಪೋರ್ಟ್‌ನಲ್ಲಿ ಹುಟ್ಟಿದ ಅವರು ಲಂಡನ್‌ನಲ್ಲಿ ಹೆನ್ರಿ ಮಾಡ್ಸ್‌ಲೇ ಅವರ ವರ್ಕ್‌ಶಾಪ್‌ನಲ್ಲಿ ಪಳಗಿದರು. 1833ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಸ್ವಂತ ಕೆಲಸ ಶುರು. 1841ರಲ್ಲಿ ಸ್ಕ್ರೂ ಥ್ರೆಡ್‌ಗೆ ಒಂದೇ ಮಾದರಿ ಸೂಚಿಸಿದರು. ಹಳೇ ಮೆಕ್ಯಾನಿಕ್‌ಗಳಿಗೆ ಅವರ ಹೆಸರು ಗೊತ್ತಿರುವುದು ಇದರಿಂದಲೇ. 1851ರ ಲಂಡನ್ ಮಹಾ ವಸ್ತುಪ್ರದರ್ಶನದಲ್ಲಿ ಅವರು ಇಟ್ಟಿದ್ದು ಇಂಚಿನ ಹತ್ತು ಲಕ್ಷದಲ್ಲೊಂದು ಭಾಗವನ್ನು ಗುರುತಿಸುವ ಯಂತ್ರ. ಗೆರೆ ನೋಡಿ ಅಳೆಯುವ ಕಣ್ಣಿಗಿಂತ, ಮುಟ್ಟಿ ತಿಳಿಯುವ ಬೆರಳೇ ನಂಬಿಕಸ್ಥ ಎಂಬುದು ಅವರ ನಿಲುವು. ರಂಧ್ರದೊಳಗೆ ತೂರಿಸಿ ಅಗಲ ತಿಳಿಯುವ ಪ್ಲಗ್ ಗೇಜ್ ಹಿಂದಿರುವುದೂ ಇದೇ ವಿಚಾರ.

1854ರಲ್ಲಿ ಸೇನೆಗೆ ರೈಫಲ್ ತಯಾರಿಸುವ ಯಂತ್ರಗಳು ಬೇಕಾದವು. ನಳಿಗೆ ಹೇಗಿರಬೇಕೆಂದೇ ಗೊತ್ತಿಲ್ಲದೆ ಯಂತ್ರ ಕಟ್ಟಲು ವಿಟ್‌ವರ್ತ್ ಒಪ್ಪಲಿಲ್ಲ. ಸರ್ಕಾರ ಅವರ ಮನೆಯ ಆವರಣದಲ್ಲೇ 500 ಗಜ ಉದ್ದದ ಪರೀಕ್ಷಾ ಶೆಡ್ ಕಟ್ಟಿಸಿಕೊಟ್ಟಿತು! ಅಲ್ಲಿ ಹುಟ್ಟಿದ್ದು ಆರು ಮೂಲೆಯ, 0.451 ಇಂಚಿನ ನಳಿಗೆ. 1857ರ ಪರೀಕ್ಷೆಯಲ್ಲಿ ಅದು 0.577 ಇಂಚಿನ ಎನ್‌ಫೀಲ್ಡ್ ರೈಫಲನ್ನು ಸೋಲಿಸಿತು. ಆದರೂ ದುಬಾರಿ, ಸಣ್ಣ ನಳಿಗೆಯಲ್ಲಿ ಮಸಿ ಕಟ್ಟುತ್ತದೆ ಎಂದು ಸೇನೆ ಬೇಡವೆಂದಿತು. ಮಸಿಯ ದೂರು ಸುಳ್ಳೇನಲ್ಲ. ಅಮೆರಿಕದ ಅಂತರ್ಯುದ್ಧದಲ್ಲಿ ದಕ್ಷಿಣದ ಗುರಿಕಾರರು ಅದೇ ರೈಫಲ್ ಹಿಡಿದು ದೂರದಿಂದಲೇ ಅಧಿಕಾರಿಗಳನ್ನು ಉರುಳಿಸಿದರು. 1871ರಲ್ಲಿ ಬ್ರಿಟಿಷ್ ಸೇನೆಯೂ 0.45 ಇಂಚಿನ ಮಾರ್ಟಿನಿ-ಹೆನ್ರಿಗೆ ಬಂತು.

ಶಾಟ್‌ಗನ್‌ಗೆ ಅವರು ಕೊಟ್ಟಿದ್ದು ಉಕ್ಕು. ಕರಗಿದ ಉಕ್ಕು ಗಟ್ಟಿಯಾಗುವಾಗ ಒಳಗೆ ಗಾಳಿಗುಳ್ಳೆ ಉಳಿದರೆ, ಸಿಡಿಮದ್ದಿನ ಒತ್ತಡಕ್ಕೆ ನಳಿಗೆ ಒಡೆದು ಹಿಡಿದವನ ಕೈಯೇ ಹೋಗಬಹುದು. ವಿಟ್‌ವರ್ತ್ ಬಿಸಿ ಉಕ್ಕನ್ನು ಹೈಡ್ರಾಲಿಕ್ ಪ್ರೆಸ್‌ನಲ್ಲಿ ಒತ್ತಿ ಗುಳ್ಳೆಗಳನ್ನು ಹೊರಹಾಕಿದರು. ಅದುವರೆಗೆ ಕಬ್ಬಿಣ, ಉಕ್ಕಿನ ಪಟ್ಟಿ ಹೆಣೆದು ಬೆಸೆದ ಡಮಾಸ್ಕಸ್ ನಳಿಗೆಗಳದ್ದೇ ಕಾಲ.

ಉಕ್ಕು ಎಷ್ಟೇ ಒಳ್ಳೆಯದಿದ್ದರೂ ಗೋಡೆ ಸವೆದರೆ ಮುಗಿಯಿತು. ಒಳಗಿನ ತುಕ್ಕು ತೆಗೆಯಲು ಉಜ್ಜಿದಷ್ಟೂ ಬೋರ್ ಹಿಗ್ಗಿ, ಗೋಡೆ ತೆಳ್ಳಗಾಗುತ್ತದೆ. ಹೊರಗಿನ ಅಳತೆಯಲ್ಲಿ ಒಳಗಿನದ್ದು ಕಳೆದರೆ ಸಾಲದು. ರಂಧ್ರ ಒಂದು ಬದಿಗೆ ಸರಿದಿದ್ದರೆ ಒಂದು ಕಡೆ ದಪ್ಪ, ಇನ್ನೊಂದು ಕಡೆ ಕಾಗದ. ಅದಕ್ಕೇ ಒಂದು ತೋಳು ಒಳಗೆ, ಇನ್ನೊಂದು ಹೊರಗೆ ಇರುವ ಡಯಲ್ ಗೇಜ್ ಹಿಡಿದು, ನಳಿಗೆ ತಿರುಗಿಸುತ್ತ ಸುತ್ತಲೂ ಅಳೆಯುತ್ತಾರೆ. ತೆಳುವಾದ ಜಾಗದಲ್ಲಿ 0.020 ಇಂಚಿಗಿಂತ, ಅಂದರೆ ಅರ್ಧ ಮಿ.ಮೀ.ಗಿಂತ ಕಡಿಮೆ ಬಂದರೆ ಅನುಭವಿ ಗನ್‌ಸ್ಮಿತ್ ಕೋವಿಯನ್ನು ಪಕ್ಕಕ್ಕಿಡುತ್ತಾರೆ.

ವಿಟ್‌ವರ್ತ್ 1887ರ ಜನವರಿ 22ರಂದು ಮಾಂಟೆ ಕಾರ್ಲೊದಲ್ಲಿ ತೀರಿಕೊಂಡರು. ಆ ಬಳಿಕವೂ ಲಂಡನ್‌ನ ಪರ್ಡಿಯಂಥ ಕಂಪನಿಗಳ ದುಬಾರಿ ಕೋವಿಗಳ ನಳಿಗೆಯ ಮೇಲೆ ಅವರ ಉಕ್ಕಿನ ಹೆಸರು ಕೆತ್ತಲಾಗುತ್ತಿತ್ತು.