ಸರೋವರದ ನೀರನ್ನು ತೂಗಿದ ಅಧ್ಯಾಪಕ: ಎಡ್ವರ್ಡ್ ಬರ್ಜ್

ಎಡ್ವರ್ಡ್ ಬರ್ಜ್ 1851ರಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದ ಟ್ರಾಯ್ ಎಂಬಲ್ಲಿ ಜನಿಸಿದರು. ವಿಲಿಯಮ್ಸ್ ಕಾಲೇಜಿನಲ್ಲಿ ಓದಿದ ಅವರು 1875ರಲ್ಲಿ ಮ್ಯಾಡಿಸನ್ ನಗರದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯಕ್ಕೆ ಅಧ್ಯಾಪಕರಾಗಿ ಬಂದರು. ವಿಶ್ವವಿದ್ಯಾಲಯದ ಮಗ್ಗುಲಲ್ಲೇ ಇದ್ದ ಮೆಂಡೋಟ ಸರೋವರ ಅವರ ಪ್ರಯೋಗಶಾಲೆಯಾಯಿತು.

ಮೊದಲು ಅವರು ಅಭ್ಯಸಿಸಿದ್ದು ನೀರಿನಲ್ಲಿ ತೇಲುವ ಸೂಕ್ಷ್ಮ ಪ್ರಾಣಿಗಳನ್ನು. ಇವು ಯಾವ ಆಳದಲ್ಲಿ ಏಕೆ ಇರುತ್ತವೆ ಎಂಬ ಪ್ರಶ್ನೆ ಅವರನ್ನು ನೀರಿನ ಉಷ್ಣತೆಯ ಅಧ್ಯಯನಕ್ಕೆ ಒಯ್ದಿತು. ಬೇಸಿಗೆಯಲ್ಲಿ ಮೇಲಿನ ಬೆಚ್ಚಗಿನ ನೀರಿಗೂ ತಳದ ತಣ್ಣೀರಿಗೂ ನಡುವೆ ಉಷ್ಣತೆ ತಟ್ಟನೆ ಇಳಿಯುವ ಪದರಕ್ಕೆ ‘ಥರ್ಮೋಕ್ಲೈನ್’ ಎಂದು ಹೆಸರಿಟ್ಟವರು ಬರ್ಜ್. ಮೇಲೆ ಬೆಳೆದ ಪಾಚಿ ಸತ್ತು ಕೆಳಗಿಳಿದು ಕೊಳೆಯುವಾಗ ತಳದ ಆಮ್ಲಜನಕ ಖರ್ಚಾಗುತ್ತದೆ ಎಂಬುದನ್ನು ಅವರು ಸಹೋದ್ಯೋಗಿ ಚಾನ್ಸಿ ಜುಡೇ ಅವರೊಡನೆ 1911ರ ಗ್ರಂಥದಲ್ಲಿ ವಿವರಿಸಿದರು.

ಹಾಗಾದರೆ ಸರೋವರದಲ್ಲಿರುವ ಸಾವಯವ ದ್ರವ್ಯ ಒಟ್ಟು ಎಷ್ಟು? ಬಲೆಯಿಂದ ಸೋಸಿದರೆ ಅತಿ ಸಣ್ಣ ಪಾಚಿಗಳು ನುಸುಳಿಹೋಗುತ್ತಿದ್ದವು. ಆದ್ದರಿಂದ ಅವರು ನೀರನ್ನು ಯಂತ್ರದಲ್ಲಿ ವೇಗವಾಗಿ ತಿರುಗಿಸಿ ಕಣಗಳನ್ನು ಬೇರ್ಪಡಿಸಿದರು. ಅಷ್ಟಕ್ಕೇ ನಿಲ್ಲದೆ, ಉಳಿದ ತಿಳಿನೀರನ್ನೂ ಇಂಗಿಸಿ ಶೇಷವನ್ನು ಪರೀಕ್ಷಿಸಿದರು. ಕಣ್ಣಿಗೆ ಏನೂ ಕಾಣದ ಆ ನೀರಿನಲ್ಲಿ, ತೇಲುವ ಜೀವಿಗಳಲ್ಲಿದ್ದುದಕ್ಕಿಂತ ಹಲವು ಪಟ್ಟು ಸಾವಯವ ದ್ರವ್ಯ ಕರಗಿತ್ತು.

1918ರಿಂದ 1925ರವರೆಗೆ ಬರ್ಜ್ ವಿಶ್ವವಿದ್ಯಾಲಯದ ಅಧ್ಯಕ್ಷರಾಗಿದ್ದರು. ನಿವೃತ್ತಿಯ ವಯಸ್ಸು ದಾಟಿದ್ದರೂ ಅಧಿಕಾರ ಬಿಟ್ಟೊಡನೆ ಸರೋವರಗಳಿಗೆ ಮರಳಿದರು. ಜುಡೇ ಅವರೊಡನೆ ವಿಸ್ಕಾನ್ಸಿನ್ ರಾಜ್ಯದ 500ಕ್ಕೂ ಹೆಚ್ಚು ಸರೋವರಗಳ ನೀರನ್ನು ಪರೀಕ್ಷಿಸಿ 1934ರಲ್ಲಿ ಫಲಿತಾಂಶ ಪ್ರಕಟಿಸಿದರು. ಸರೋವರದೊಳಗೇ ಪಾಚಿಯಿಂದ ಹುಟ್ಟಿದ ದ್ರವ್ಯದಲ್ಲಿ ಪ್ರೋಟೀನು ಹೆಚ್ಚು. ಅಲ್ಲಿ ಸಾರಜನಕದ ಒಂದು ಪಾಲಿಗೆ ಇಂಗಾಲ ಸುಮಾರು 12 ಪಾಲು. ಜೌಗು ನೆಲದಿಂದ, ಕೊಳೆತ ಎಲೆಗಳಿಂದ ಹರಿದು ಬಂದದ್ದರಲ್ಲಿ ಇಂಗಾಲ 45ರಿಂದ 50 ಪಾಲು. ಹೀಗೆ ಕರಗಿದ ವಸ್ತುವಿನ ಮೂಲ ಗುರುತಿಸುವ ದಾರಿ ತೆರೆಯಿತು. ಪ್ರತಿಯೊಂದು ಸಂಯುಕ್ತವನ್ನು ಬೇರ್ಪಡಿಸುವ ಸಾಧನಗಳು ಆಗ ಅವರ ಬಳಿ ಇರಲಿಲ್ಲ. ಆ ಕೆಲಸ ಮುಂದಿನ ಪೀಳಿಗೆಯದಾಯಿತು. ಆದರೆ ತಳದ ಕೆಸರಿನಲ್ಲಿ ಪಾಚಿಯ ಪಾಲೆಷ್ಟು, ನೆಲದ ಗಿಡಮರಗಳ ಪಾಲೆಷ್ಟು ಎಂದು ಅಂದಾಜಿಸಲು ಇಂಗಾಲ–ಸಾರಜನಕಗಳ ಅನುಪಾತವನ್ನು ಇಂದಿಗೂ ನೋಡುತ್ತಾರೆ. ಬರ್ಜ್ 1950ರಲ್ಲಿ ನಿಧನರಾದರು.

ಬೋಧನಾಭ್ಯಾಸದಲ್ಲಿ ಈ ಜೀವನವನ್ನು ಕಥೆಯಾಗಿ ಹೇಳಿ ಮುಗಿಸಬೇಕಿಲ್ಲ. ಚಹಾದ ಕಷಾಯವನ್ನು ಬಟ್ಟೆಯಲ್ಲಿ ಸೋಸಿ ತೋರಿಸಬಹುದು: ಸೊಪ್ಪು ಮೇಲುಳಿಯುತ್ತದೆ, ಬಣ್ಣ ಕೆಳಗಿಳಿಯುತ್ತದೆ. ಬಟ್ಟೆ ಹಿಡಿಯದೆ ಬಿಟ್ಟದ್ದೇನು, ಅದನ್ನು ಅಳೆಯುವುದು ಹೇಗೆ ಎಂದು ಮಕ್ಕಳನ್ನು ಕೇಳಿ, ಅವರು ಯೋಚಿಸುವಷ್ಟು ಹೊತ್ತು ಪ್ರಶಿಕ್ಷಣಾರ್ಥಿ ಸುಮ್ಮನಿರಲಿ. ಬರ್ಜ್ ಅವರ ಪಾಠ ಆ ಪ್ರಶ್ನೆಯಲ್ಲಿದೆ.