ಸೊನ್ನೆ-ಒಂದರ ಲೈಬ್ನಿಟ್ಸ್

ಮಕ್ಕಳೇ, ಶೃಂಗೇರಿಯ ವಿದ್ಯಾಶಂಕರ ದೇವಾಲಯದ ಚಿತ್ರವನ್ನು ಶಾಲೆಯ ಗಣಕಯಂತ್ರದಲ್ಲಿ ತೆರೆದು ನೋಡಿದ್ದೀರಾ? ದೂರದ ಸರ್ವರ್‌ನಿಂದ ನಿಮ್ಮ ಬ್ರೌಸರ್‌ಗೆ ಆ ಚಿತ್ರ 0 ಮತ್ತು 1ಗಳ ಉದ್ದನೆಯ ಸಾಲಾಗಿ ಬರುತ್ತದೆ. ಈ ಎರಡೇ ಅಂಕೆಗಳ ಗಣಿತವನ್ನು ಬೆಳೆಸಿದವರಲ್ಲಿ ಪ್ರಮುಖರು ಗಾಟ್‌ಫ್ರೀಡ್ ವಿಲ್‌ಹೆಲ್ಮ್ ಲೈಬ್ನಿಟ್ಸ್.

ಅವರು ಹುಟ್ಟಿದ್ದು 1646ರ ಜುಲೈ 1ರಂದು, ಜರ್ಮನಿಯ ಲೀಪ್‌ಜಿಗ್‌ನಲ್ಲಿ. ಆರು ವರ್ಷದವರಿದ್ದಾಗ ಪ್ರಾಧ್ಯಾಪಕರಾಗಿದ್ದ ತಂದೆ ತೀರಿಕೊಂಡರು. ಮನೆಯಲ್ಲಿ ಉಳಿದದ್ದು ತಂದೆಯ ಪುಸ್ತಕಗಳು. ಅವುಗಳ ನಡುವೆ ಕುಳಿತು ಬಾಲಕ ಬಹುಮಟ್ಟಿಗೆ ತಾನೇ ಲ್ಯಾಟಿನ್ ಕಲಿತ.

ಲೆಕ್ಕ ಹಾಕುವುದರಲ್ಲೇ ವಿದ್ವಾಂಸರ ಕಾಲ ಹಾಳಾಗಬಾರದೆಂಬುದು ಲೈಬ್ನಿಟ್ಸ್ ಅವರ ಹಠ. ಹಲ್ಲುಚಕ್ರಗಳ ಗಣನಯಂತ್ರವೊಂದನ್ನು ರೂಪಿಸಿ, 1673ರಲ್ಲಿ ಅದರ ಮಾದರಿಯನ್ನು ಲಂಡನ್‌ನ ರಾಯಲ್ ಸೊಸೈಟಿಯಲ್ಲಿ ತೋರಿಸಿದರು. ದಶಕವನ್ನು ಮುಂದಿನ ಸ್ಥಾನಕ್ಕೆ ಒಯ್ಯುವಾಗ ಮಾತ್ರ ಅದು ಎಡವುತ್ತಿತ್ತು.

1679ರಲ್ಲಿ ಅವರು ಬರೆದ ಟಿಪ್ಪಣಿ ನಿಮಗೆ ಖಂಡಿತ ಇಷ್ಟವಾದೀತು. ದ್ವಿಮಾನ ಪದ್ಧತಿಯಲ್ಲಿ ಲೆಕ್ಕ ಮಾಡಲು ಗೋಲಿಗಳ ಯಂತ್ರ! ಪೆಟ್ಟಿಗೆಯಲ್ಲಿ ಸಾಲಾಗಿ ರಂಧ್ರಗಳು. ರಂಧ್ರ ತೆರೆದಿದ್ದರೆ 1, ಗೋಲಿ ಕೆಳಗೆ ಬೀಳುತ್ತದೆ. ಮುಚ್ಚಿದ್ದರೆ 0, ಗೋಲಿ ಬೀಳದು. ಈ ಯಂತ್ರವನ್ನು ಅವರು ಕಟ್ಟಲಿಲ್ಲ. ನೀವು ರಟ್ಟಿನ ಡಬ್ಬಿಗೆ ಮೂರು ರಂಧ್ರ ಮಾಡಿ, ಎಷ್ಟು ಬಗೆಯಲ್ಲಿ ತೆರೆದು ಮುಚ್ಚಬಹುದೆಂದು ಎಣಿಸಿ. ಎಂಟು ಬಗೆ ಸಿಗುತ್ತವೆ. (ಮೂರು ಅಕ್ಷರಗಳ ಗುರು-ಲಘುಗಳಿಂದ ಎಂಟು ಗಣಗಳಾಗುವುದೂ ಇದೇ ಲೆಕ್ಕದಿಂದ. ನಮ್ಮ ಪಿಂಗಳ ಅದನ್ನು ಸಾವಿರಕ್ಕೂ ಹೆಚ್ಚು ವರ್ಷ ಮೊದಲೇ ಕಂಡುಕೊಂಡಿದ್ದ!)

1703ರಲ್ಲಿ ಲೈಬ್ನಿಟ್ಸ್ ದ್ವಿಮಾನದ ಬಗ್ಗೆ ಪ್ಯಾರಿಸ್‌ನ ವಿಜ್ಞಾನ ಅಕಾಡೆಮಿಗೆ ಲೇಖನ ಕಳುಹಿಸಿದರು. ಆಗ ಅದರಿಂದ ದಿನಬಳಕೆಗೆ ಏನೂ ಪ್ರಯೋಜನವಿರಲಿಲ್ಲ. ಇಂದು ಗೋಲಿಯ ಬದಲು ವಿದ್ಯುತ್ ಸಂಕೇತ ಅಥವಾ ಬೆಳಕು ಆ ಕೆಲಸ ಮಾಡುತ್ತದೆ. ಎಂಟು ಅಂಕೆಗಳ ಗುಂಪೇ ಒಂದು ಬೈಟ್. ಜೆಪೆಗ್ ಬಗೆಯ ಚಿತ್ರವಾದರೆ ಮೊದಲ ಬೈಟ್ ಯಾವಾಗಲೂ 11111111, ಅಂದರೆ 255. ಆದರೆ ಬೈಟ್‌ಗಳನ್ನು ಸುಮ್ಮನೆ ಕಳುಹಿಸಿದರೆ ಸಾಲದು. ಮುಂದೆ ಬರುವುದು ಚಿತ್ರವೋ ಅಕ್ಷರವೋ ಎಂದು ಸರ್ವರ್ ಮೊದಲೇ ತಿಳಿಸುತ್ತದೆ. ಚಿತ್ರವನ್ನು ಬ್ರೌಸರ್ ಅಕ್ಷರವೆಂದು ಓದಿದರೆ ಪರದೆಯ ತುಂಬ ಅರ್ಥವಿಲ್ಲದ ಚಿಹ್ನೆಗಳು!

ಕಲನಶಾಸ್ತ್ರವನ್ನು ಮೊದಲು ಕಂಡುಹಿಡಿದವರು ಯಾರೆಂಬ ವಿಷಯದಲ್ಲಿ ನ್ಯೂಟನ್ ಕಡೆಯವರೊಂದಿಗೆ ನಡೆದ ಜಗಳ ಅವರ ಕೊನೆಯ ವರ್ಷಗಳನ್ನು ಕಹಿಯಾಗಿಸಿತು. ಹ್ಯಾನೋವರ್‌ನ ಅರಸುಮನೆತನದಲ್ಲಿ ಅವರು 40 ವರ್ಷ ಸೇವೆ ಸಲ್ಲಿಸಿದ್ದರು. 1714ರಲ್ಲಿ ಅಲ್ಲಿನ ಅರಸ ಇಂಗ್ಲೆಂಡಿನ ರಾಜನಾದಾಗ ಇವರನ್ನು ಅಲ್ಲಿಯೇ ಬಿಟ್ಟುಹೋದ. 1716ರ ನವೆಂಬರ್ 14ರಂದು ಲೈಬ್ನಿಟ್ಸ್ ನಿಧನರಾದರು. ಅಂತ್ಯಕ್ರಿಯೆಗೆ ಆಸ್ಥಾನದಿಂದ ಯಾರೂ ಬರಲಿಲ್ಲ. ಸುಮಾರು 50 ವರ್ಷ ಅವರ ಸಮಾಧಿಯ ಮೇಲೆ ಹೆಸರೂ ಇರಲಿಲ್ಲ. ಅವರು ಬಿಟ್ಟುಹೋದ ಬರಹಗಳು ಸುಮಾರು 2 ಲಕ್ಷ ಪುಟ. ಅವನ್ನೆಲ್ಲ ಪರಿಶೀಲಿಸಿ ಮುದ್ರಿಸುವ ಕೆಲಸ ಇನ್ನೂ ಮುಗಿದಿಲ್ಲ.